ಸಿಟ್ಟು ಸೋಸುವ ಕಾರು

ಕಾರಿನ ಹಾಡಿನ ಪೆಟ್ಟಿಗೆ ಹಾಡುವುದನ್ನು ಬಿಟ್ಟು, ಒಳಗೆ ಕೂತ ಮನುಷ್ಯರ ಮಾತನ್ನೇ ತಿದ್ದತೊಡಗಿದರೆ ಏನಾದೀತು? ಈ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಶೆಡ್ಡಿನಲ್ಲಿ. ಹೊರಗೆ ‘ನಾದನೆಲೆ’ ಎಂಬ ಸಣ್ಣ ಬೋರ್ಡು. ಒಳಗೆ ಗೋಡೆಗೆಲ್ಲ ಉಬ್ಬುತಗ್ಗಿನ ಸ್ಪಂಜು ಬಡಿದ ಕೋಣೆ, ಕೋಣೆಯ ನಡುವೆ ಬೂದು ಬಣ್ಣದ ಒಂದು ಕಾರು. ಅದರ ಚಾಲಕನ ಸೀಟಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಸ್ತೂರಿ ಭಜಂತ್ರಿ ಕೂತಿದ್ದಳು.

ಕಸ್ತೂರಿಯ ಕೆಲಸ ಕಾರಿನ ದನಿಯನ್ನು ಹದಕ್ಕೆ ತರುವುದು. ಕಾರಿನ ಆಡಿಯೋ ಎಂದರೆ ಡ್ಯಾಶ್‌ಬೋರ್ಡಿನ ಮೇಲೆ ಮಿನುಗುವ ಪರದೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಪರದೆ ಬರೀ ಮುಖ. ಫೋನಿನಿಂದ ಬಂದ ಹಾಡನ್ನು, ರೇಡಿಯೋವನ್ನು ಅದು ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುತ್ತದೆ, ಅಷ್ಟೆ. ಬುದ್ಧಿ ಇರುವುದು ಸೀಟಿನ ಕೆಳಗೆ, ಬುತ್ತಿ ಡಬ್ಬಿಯಷ್ಟು ಗಾತ್ರದ ಪ್ರೊಸೆಸರಿನಲ್ಲಿ. ಅದು ಹಾಡನ್ನು ಒಡೆದು ಕೀರಲು ದನಿಯನ್ನು ಕನ್ನಡಿಯ ಪಕ್ಕದ ಪುಟ್ಟ ಟ್ವೀಟರಿಗೆ, ನಡುದನಿಯನ್ನು ಬಾಗಿಲಿನ ಸ್ಪೀಕರಿಗೆ, ಎದೆ ನಡುಗಿಸುವ ತಗ್ಗುದನಿಯನ್ನು ಡಿಕ್ಕಿಯಲ್ಲಿರುವ ಸಬ್‌ವೂಫರಿಗೆ ಹಂಚುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಚಾಲಕನಿಗೆ ಬಲಬಾಗಿಲು ಹತ್ತಿರ, ಎಡಬಾಗಿಲು ದೂರ. ಎರಡೂ ಕೂಡಿ ಹಾಡಿದರೆ ಬಲಗಡೆಯದು ಮೊದಲು ಮುಟ್ಟಿ ಹಾಡು ಒಂದು ಪಕ್ಕಕ್ಕೆ ವಾಲುತ್ತದೆ. ಅದಕ್ಕೇ ಹತ್ತಿರದ ಸ್ಪೀಕರನ್ನು, ಕಣ್ಣೆವೆ ಬಡಿಯುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ತಡೆದು ಹಾಡಿಸುತ್ತಾರೆ. ಮೆರವಣಿಗೆಯಲ್ಲಿ ಮುಂದೆ ನಡೆಯುವ ಕ್ಲ್ಯಾರಿನೆಟ್ಟೂ ಹಿಂದೆ ಬರುವ ಡೋಲೂ ಮದುಮಗನ ಕಿವಿಗೆ ಒಂದೇ ಏಟಿಗೆ ಬೀಳಬೇಕು. ಬ್ಯಾಂಡಿನ ಮನೆಯಲ್ಲಿ ಹುಟ್ಟಿದ ಕಸ್ತೂರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಈ ಬೂದು ಕಾರಿನೊಳಗೆ ಇದ್ದದ್ದು ಅದಕ್ಕೂ ಮುಂದಿನ ಮಾತು. ಪ್ರತಿ ಸೀಟಿನ ತಲೆದಿಂಬಿನೊಳಗೆ ಎರಡೆರಡು ಸ್ಪೀಕರು, ಪ್ರತಿ ತಲೆಯ ಮೇಲೆ ಚಾವಣಿಯಲ್ಲಿ ಸಾಸಿವೆಯಂಥ ಮೈಕುಗಳ ಸಾಲು. ದನಿ ಎಂದರೆ ಗಾಳಿಯ ಅಲೆ ತಾನೆ? ಹಿಂದಿನ ಸೀಟಿನವನು ಮಾತಾಡಿದರೆ ಆ ಅಲೆ ಮುಂದಿನವನ ಕಿವಿ ಮುಟ್ಟುವ ಮೊದಲೇ ತಂತಿಯಲ್ಲಿ ಸುದ್ದಿ ಹೋಗಿರುತ್ತದೆ. ತಲೆದಿಂಬಿನ ಸ್ಪೀಕರು ಅದೇ ಅಲೆಯನ್ನು ತಲೆಕೆಳಗು ಮಾಡಿ, ಉಬ್ಬಿಗೆ ತಗ್ಗು, ತಗ್ಗಿಗೆ ಉಬ್ಬು ಕೊಟ್ಟು ಅಳಿಸಿಬಿಡುತ್ತದೆ. ಅಳಿಸಿದ ಜಾಗದಲ್ಲಿ ಅದೇ ಮಾತನ್ನು, ಅದೇ ಗಂಟಲಿನಲ್ಲಿ, ಆದರೆ ಸಿಟ್ಟು ಸೋಸಿ ಕೊಡುತ್ತದೆ. ಪದ ಒಂದೂ ಬದಲಾಗುವುದಿಲ್ಲ. ಏರು, ಬಿರುಸು, ಕರಕರ ಇಷ್ಟನ್ನು ಮಾತ್ರ ತೆಗೆದು ಪಕ್ಕಕ್ಕಿಡುತ್ತದೆ. ಜಗಳವಾಡುತ್ತ ಗಾಡಿ ಓಡಿಸಿ ಗುದ್ದುವವರು ಎಷ್ಟು ಮಂದಿ! ಅವರಿಗೆಂದೇ ಹುಟ್ಟಿದ ಯಂತ್ರ ಇದು. ಹೆಸರು ‘ಸಮಾಧಾನ’.

ನಾದನೆಲೆಯ ಮಾಲೀಕ ರಘೋತ್ತಮ ಇನಾಂದಾರರು ಹಿಂದಿನ ಸೀಟಿನಲ್ಲಿ ಕೂತು ಮುಖ ಕೆಂಪಗೆ ಮಾಡಿಕೊಂಡು ಕೂಗಿದರು. ಕಸ್ತೂರಿಯ ಕಿವಿಗೆ ಬಿದ್ದದ್ದು ಹಾಲಿನಲ್ಲಿ ಸಕ್ಕರೆ ಕರಗಿದಂಥ ದನಿ: “ಕಸ್ತೂರಿ, ನೀ ದಿನಾ ತಡಾ ಮಾಡಿ ಬರ್ತಿ. ನಿನಗ ನಾಚಿಕಿ ಅನ್ನೋದ ಇಲ್ಲ.”

“ಸರ್, ನಟನಾ ಬ್ಯಾಡ್ರಿ, ಖರೇನ ಬೈರಿ,” ಎಂದಳು ಕಸ್ತೂರಿ.

“ಖರೇನ ಬೈಲಿಕತ್ತೇನವಾ ತಾಯಿ!” ಅದೂ ಸಕ್ಕರೆಯಾಗಿಯೇ ಬಂತು.

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಕೆಳಗಿಳಿದು ಬಂದ ಇನಾಂದಾರರು ಕನ್ನಡಕ ಒರೆಸಿಕೊಂಡು ಗಂಭೀರವಾದರು. “ನಾವು ನಾವ ಬೈದಾಡಿದ್ದು ಸಾಕು. ಕಾರು ಕಂಪನಿಯವರು ಬರೋದರೊಳಗ ಒಂದು ಖರೇ ಜಗಳ ಬೇಕು. ಬೇರು ಬಿಟ್ಟ ಜಗಳ. ರಸ್ತಾದಾಗ ಓಡೋ ಕಾರಿನ್ಯಾಗ. ಎಲ್ಲಿಂದ ತರೋಣ?”

“ನಮ್ಮ ಮನ್ಯಾಗ ಐತ್ರಿ ಸರ್,” ಎಂದಳು ಕಸ್ತೂರಿ. “ತಾಜಾ ಐತಿ.”

*

ಹಳೇ ಹುಬ್ಬಳ್ಳಿಯ ಆ ಮನೆಯ ಪಡಸಾಲೆಯಲ್ಲಿ ಗೋಡೆಗೆ ತೂಗುಹಾಕಿದ ತುತ್ತೂರಿಗಳು ದೀಪದ ಬೆಳಕಿಗೆ ಹೊಳೆಯುತ್ತಿದ್ದವು. ಭಜಂತ್ರಿ ಬ್ರದರ್ಸ್ ಬ್ರಾಸ್ ಬ್ಯಾಂಡ್ ಎಂದರೆ ಧಾರವಾಡದಿಂದ ಗದಗಿನವರೆಗೆ ಹೆಸರು. ಅಣ್ಣ ದುರ್ಗಪ್ಪ, ಕಸ್ತೂರಿಯ ಅಪ್ಪ, ಕ್ಲ್ಯಾರಿನೆಟ್ಟು. ತಮ್ಮ ಪರಸಪ್ಪ, ಅವಳ ಕಾಕಾ, ಟ್ರಂಪೆಟ್ಟು. ಅಣ್ಣ ಎತ್ತಿಕೊಂಡ ಹಾಡನ್ನು ತಮ್ಮ ಮೇಲಕ್ಕೇರಿಸುವುದು, ತಮ್ಮ ಏರಿಸಿದ್ದನ್ನು ಅಣ್ಣ ಕೈಹಿಡಿದು ಕೆಳಗಿಳಿಸಿ ತರುವುದು, ಇದು ಅವರ ವರಸೆ.

ಈ ಸಲದ ಮದುವೆ ಹಂಗಾಮಿನಲ್ಲಿ ಎಡವಟ್ಟಾಯಿತು. ಅಣ್ಣ ನವಲಗುಂದದ ಮದುವೆಗೆ ಬಾರಿಸಲು ಒಪ್ಪಿ, ಕೈ ಚಾಚಿ ಎಲೆಯ ವೀಳ್ಯ ಹಿಡಿದ. ಅದೇ ದಿನಕ್ಕೆ ತಮ್ಮ ಗೋಕಾಕಿನ ಮದುವೆಗೆ ವೀಳ್ಯ ಹಿಡಿದ. ವೀಳ್ಯ ಹಿಡಿದ ಮೇಲೆ ಒಲ್ಲೆ ಅನ್ನುವ ರೂಢಿ ಆ ಮನೆಯಲ್ಲಿಲ್ಲ. ಬ್ಯಾಂಡನ್ನು ಅರ್ಧಕ್ಕೆ ಸೀಳಿ ಎರಡೂ ಕಡೆ ಹೋದರು. ನವಲಗುಂದದಲ್ಲಿ ಹಾಡು ಮೇಲೇರಲಿಲ್ಲ. ಗೋಕಾಕಿನಲ್ಲಿ ಏರಿದ್ದು ಕೆಳಗಿಳಿಯಲಿಲ್ಲ. ಎರಡೂ ಊರಲ್ಲಿ ಮಂದಿ ನಕ್ಕರು. ಅಂದಿನಿಂದ ಮನೆಯಲ್ಲಿ ಒಂದೇ ಮಾತು: ಪಾಲು. ಬ್ಯಾಂಡನ್ನು ಪಾಲು ಮಾಡುವುದು. ಬೆಳಗಾವಿಯ ವಡಗಾವಿಯಲ್ಲಿರುವ ಹಿರಿಯಕ್ಕ ಗುರವ್ವನ ಮುಂದೆ, ನಾಲ್ಕು ಮಂದಿ ಹಿರಿಯರನ್ನು ಕೂಡಿಸಿ.

“ನಿಮ್ಮಣ್ಣಗ ಹೇಳವಾ ನೀಲವ್ವಾ,” ಎಂದು ದುರ್ಗಪ್ಪ ರೊಟ್ಟಿ ಮುರಿಯುತ್ತ ಹೆಂಡತಿಗೆ ಗದರಿದ. ಸಿಟ್ಟಿನಲ್ಲಿ ಅವನಿಗೆ ಸಂಬಂಧಗಳೂ ಅದಲುಬದಲಾಗುತ್ತಿದ್ದವು. “ನಾಳೆ ನಾ ಬಸ್ಸಿಗೆ ಹೋಗ್ತೀನಿ. ಅಂವ ಬೇಕಾರ ವಿಮಾನದಾಗ ಬರ್ಲಿ.”

“ನಮ್ಮಣ್ಣ ಅಲ್ರೀ ಅಂವ, ನಿಮ್ಮ ತಮ್ಮ,” ಎಂದಳು ನೀಲವ್ವ ಬದನೆಕಾಯಿ ಪಲ್ಯ ಬಡಿಸುತ್ತ. “ಹೇಳೂದಿದ್ರ ನೀವ ಹೇಳ್ರಿ, ಅಲ್ಲೇ ಕುಂತಾನ ನೋಡ್ರಿ. ನಾ ಏನ್ ಪೋಸ್ಟಮ್ಯಾನ ಏನ?”

“ವೈನೀ, ವಿಮಾನದಾಗ ಯಾಕ, ನಾ ನಡಕೋತ ಹೋಗ್ತೀನಿ!” ಪರಸಪ್ಪ ತಾಟು ಸರಿಸಿದ. “ನಿನ್ನ ಗಂಡನ ಮಾರಿ ನೋಡೂದು ತಪ್ಪಿದ್ರ ಸಾಕು!”

“ಮಾರಿ ನೋಡೂದಿಲ್ಲ ಅಂತಾನ, ನನ್ನ ಎದುರಿಗೇ ಕುಂತು ನುಂಗಾಕತ್ತಾನ ನೋಡು, ಹುಚ್ಚಪ್ಯಾಲಿ!”

ಬ್ಯಾಂಡಿನ ಮನೆಯವರ ಮಾತೇ ಜೋರು. ಹಿತ್ತಾಳೆಯ ಗದ್ದಲದ ನಡುವೆ ಕೂಗಿ ಕೂಗಿ ರೂಢಿಯಾದ ಗಂಟಲುಗಳು. ಓಣಿಯ ಮಂದಿ ಕಿವಿಗೊಡುವುದನ್ನೂ ಬಿಟ್ಟಿದ್ದರು. ಆದರೆ ಪಾಲಿನ ಮಾತು ಇದೇ ಮೊದಲು. ಹುಟ್ಟಿದಾಗಿನಿಂದ ಈ ಎರಡು ದನಿಗಳ ನಡುವೆ ನಿದ್ದೆ ಮಾಡಿದ ಹುಡುಗಿ ಕಸ್ತೂರಿ. ಇವರಲ್ಲಿ ಒಂದು ದನಿ ಮನೆ ಬಿಟ್ಟರೆ ಉಳಿದದ್ದು ತಾನಾಗಿ ಮೂಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸಿಟ್ಟೊಂದು ಹೋದರೆ ಇವರು ಒಬ್ಬರ ಮಾತನ್ನೊಬ್ಬರು ಕೇಳಿಯಾರು, ಕೇಳಿದರೆ ಕೂಡಿಯಾರು. ಇಷ್ಟೇ ಅವಳ ಲೆಕ್ಕ. ಲೆಕ್ಕ ತಪ್ಪಿದ್ದೆಂದು ಅವಳಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ.

“ಇಬ್ರೂ ನನ್ನ ಕಾರಿನ್ಯಾಗ ಬರ್ರಿ,” ಎಂದಳು. “ಹೊಸಾ ಕಾರು, ಪರೀಕ್ಷಾ ಮಾಡೂದೈತಿ. ಒಳಗ ಗದ್ದಲಾ ಕೇಳಂಗಿಲ್ಲ. ಒಂದ ಮಾತು, ನೀವು ಮಾತಾಡೂದು ನಮ್ಮ ಆಫೀಸಿನವರಿಗೂ ಕೇಳಸ್ತೈತಿ. ನಡೀತೈತಿ?”

“ಕೇಳ್ಲಿ ತಗೋ,” ಎಂದ ಪರಸಪ್ಪ. “ನಾಕ ಮಂದಿಗೆ ಗೊತ್ತಾಗ್ಲಿ ನಿಮ್ಮಪ್ಪನ ನ್ಯಾಯಾ.”

“ಲೇ, ನಾ ಮುಂದ ಕುಂದರಾಂವ!” ಎಂದ ದುರ್ಗಪ್ಪ. ಅಲ್ಲಿಗೆ ಒಪ್ಪಿಗೆಯಾದಂತಾಯಿತು.

*

ಧಾರವಾಡ ದಾಟುವವರೆಗೆ ಯಾರೂ ಉಸಿರೆತ್ತಲಿಲ್ಲ. ಮುಂದೆ ಎಡಗಡೆ ದುರ್ಗಪ್ಪ, ಅವನ ಬೆನ್ನ ಹಿಂದೆ ಪರಸಪ್ಪ. ಅಣ್ಣನಿಗೆ ಕಾಣುವುದು ರಸ್ತೆ, ತಮ್ಮನಿಗೆ ಕಾಣುವುದು ಅಣ್ಣನ ಟೋಪಿಯ ಹಿಂಭಾಗ. ಯಂತ್ರಕ್ಕೆ ಇದಕ್ಕಿಂತ ಅನುಕೂಲ ಬೇಕೆ? ಮುಖ ಕಂಡರೆ ಮೋಸ ಬಯಲಾದೀತು. ಕಸ್ತೂರಿ ಸ್ಟಿಯರಿಂಗಿನ ಮೇಲಿನ ಗುಂಡಿಯಿಂದ ‘ಸಮಾಧಾನ’ವನ್ನು ಪೂರ್ತಿ ಏರಿಸಿದಳು. ತನ್ನ ಸೀಟಿಗೆ ಮಾತ್ರ ಸೋಸದ ದನಿಯನ್ನೇ ಬಿಟ್ಟುಕೊಂಡಿದ್ದಳು. ಅಡುಗೆ ಮಾಡುವವಳು ಉಪ್ಪು ನೋಡದೆ ಇರುತ್ತಾಳೆಯೆ?

ತೇಗೂರಿನ ಹತ್ತಿರ ಪರಸಪ್ಪನ ಕಟ್ಟೆ ಒಡೆಯಿತು.

“ಅಣ್ಣಾ, ನವಲಗುಂದದ ಸುದ್ದಿ ನೀ ನನಗ ಹೇಳಿದ್ದಿ ಏನ? ಊರ ಮಂದಿಗೆಲ್ಲಾ ಹೇಳ್ತಿ, ತಮ್ಮಗ ಹೇಳಾಕ ನಿನಗ ಬಾಯಿ ಇರಲಿಲ್ಲ? ಮೀಸಿ ಮೂಡೂ ಮುಂಚಿಂದ ನಿನ್ನ ಹಿಂದ ನಿಂತು ಊದೀನಿ! ಮುಂದ ಬರಾಕ ಒಂದ ದಿನಾನೂ ಕೇಳಿಲ್ಲ!”

ಕಸ್ತೂರಿಯ ಕಿವಿಗೆ ಅದು ತಗಡಿನ ಮೇಲೆ ಕಲ್ಲು ಎಳೆದಂತೆ ಬಂತು. ಕೊನೆಯಲ್ಲಿ ಗಂಟಲು ಸೀಳಿ ಕೀಚಿತು. ಪಕ್ಕದಲ್ಲಿ ದುರ್ಗಪ್ಪ ಮಾತ್ರ ಬ್ಯಾಂಕಿನಲ್ಲಿ ಸರದಿಗೆ ಕೂತವನಂತೆ ಕೂತಿದ್ದ. ಅವನಿಗೆ ಕೇಳಿದ್ದು ಅದೇ ಮಾತು, ತಮ್ಮನದೇ ಗಂಟಲು, ಆದರೆ ರೈಲ್ವೆ ನಿಲ್ದಾಣದಲ್ಲಿ ಗಾಡಿ ತಡವಾಗಿದ್ದಕ್ಕೆ ವಿಷಾದಿಸುವ ಹೆಂಗಸಿನ ಹದ. ಆ ಹದವನ್ನು ಆರಿಸಿ ಯಂತ್ರಕ್ಕೆ ಕಲಿಸಿದವಳು ಕಸ್ತೂರಿಯೇ.

“ನೀ ಗೋಕಾಕಿಗೆ ವೀಳ್ಯಾ ಹಿಡಿಯೂ ಮುಂದ ನನ್ನ ಕೇಳಿದ್ದಿ?” ಎಂದ ದುರ್ಗಪ್ಪ. ಅವನ ದನಿ ಗುಡುಗೇ. ಹಿಂದೆ ಹೋಗಿ ಮುಟ್ಟಿದ್ದು ತುಪ್ಪದಂಥ ಮೃದು. “ಅಪ್ಪ ಸತ್ತ ಮ್ಯಾಲ ನಿನ್ನ ತುಟಿಗೆ ಟ್ರಂಪೆಟ್ ಇಟ್ಟಾಂವ ಯಾರು?”

“ನೀನ. ಅದನ್ನ ದಿನಾ ನೆನಪ ಮಾಡಿ ಕೊಡ್ತಿ!”

ಹೀಗೆ ಒಂದಿಷ್ಟು ದೂರ ನಡೆಯಿತು. ಆಮೇಲೆ ಕಸ್ತೂರಿಗೆ ಒಂದು ಬದಲಾವಣೆ ಗಮನಕ್ಕೆ ಬಂತು. ಅವಳ ಕಿವಿಯಲ್ಲೇ, ಸೋಸದ ದನಿಯಲ್ಲೇ, ಸಿಟ್ಟು ಇಳಿಯತೊಡಗಿತ್ತು. ಮೆತ್ತನೆಯ ಮಾತು ಕೇಳಿದವನು ಮೆತ್ತಗಾಗುತ್ತಿದ್ದ, ಅದು ಇನ್ನಷ್ಟು ಮೆತ್ತಗಾಗಿ ಹಿಂದಕ್ಕೆ ಹೋಗುತ್ತಿತ್ತು. ಅವಳ ತಲೆದಿಂಬಿನಲ್ಲಿ ಮಾತ್ರ, ಹುಬ್ಬಳ್ಳಿಯ ಶೆಡ್ಡಿನಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದ ಇನಾಂದಾರರ ದನಿ ಪಿಸುಗುಟ್ಟಿತು. ಪ್ರತಿ ಸೀಟಿಗೂ ಬೇರೆ ದನಿ ಕೊಡುವ ಕಾರಿಗೆ ಅದೇನು ದೊಡ್ಡದಲ್ಲ. “ಕಸ್ತೂರಿ, ನನ್ನ ಪಡದೆ ಮ್ಯಾಲ ಸಿಟ್ಟಿನ ಕೆಂಪು ಹೋಗಿ ಹಳದಿ ಆಗ್ಯದ. ಏನ್ ಛಂದ ಮಾತಾಡ್ಲಿಕತ್ತಾರ ಇಬ್ಬರೂ!”

ಕಸ್ತೂರಿಯ ಎದೆ ಉಬ್ಬಿತು. ಆಗ ದುರ್ಗಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಹೇಳಿದ:

“ನೀವು ಹೇಳೂದು ಬರೋಬ್ಬರಿ ಐತ್ರಿ.”

ನೀವು.

ತಮ್ಮನಿಗೆ ದುರ್ಗಪ್ಪ ಜನ್ಮದಲ್ಲಿ ಆಡದ ಮಾತು ಅದು. ಹಿಂದಿನ ಸೀಟಿನಿಂದ ಅಣ್ಣನ ಕಿವಿಗೆ ಮುಟ್ಟಿದ ಪರಸಪ್ಪನ ದನಿ, ಇಸ್ತ್ರಿ ಹಾಕಿದಂತೆ ನುಣ್ಣಗೆ: “ಆತ್ರಿ. ಡೋಲು, ತಾಸೇ ನೀವ ಇಟಗೊಳ್ರಿ. ಟ್ರಂಪೆಟ್ ಎರಡು ನನಗ ಇರ್ಲಿ.”

“ಹೆಸರ ಬೋರ್ಡೂ ನೀವ ಒಯ್ರಿ. ನನಗ ಅದರ ಜರೂರಿಲ್ಲ. ನೀವು ಛಲೋ ಊದ್ತೀರಿ.”

“ನೀವೂ ಛಲೋ ಊದ್ತೀರಿ.”

“ಹಸಿರು!” ಇನಾಂದಾರರು ಕುಣಿದಾಡುವುದೊಂದು ಬಾಕಿ. “ಪೂರಾ ಹಸಿರು ಕಸ್ತೂರಿ! ಪಾಲು ಮಾಡ್ಕೊಂಡ್ರು, ಒಂದು ಕೆಟ್ಟ ಮಾತಿಲ್ಲದ! ಕಂಪನಿಯವರಿಗೆ ಇದನ್ನ ಕೇಳಸೋಣ!”

ಕಸ್ತೂರಿಗೆ ಹಳೆಯದೊಂದು ನೆನಪಾಯಿತು. ಅವಳ ಅಜ್ಜ ಬ್ಯಾಂಡು ನಡೆಸುತ್ತಿದ್ದ ಕಾಲದ ಒಂದು ಪದ್ಧತಿ ಇತ್ತು. ಯಾರನ್ನು ಉಳಿಸಿಕೊಳ್ಳಬೇಕೋ ಅವನಿಗೆ ಓಣಿ ಕೇಳುವಂತೆ ಬೈಗುಳ. ತಾಳ ತಪ್ಪಿದರೆ ಬೈಗುಳ, ಟೋಪಿ ಓರೆಯಾದರೆ ಬೈಗುಳ, ಜ್ವರ ಬಂದರೂ ಬೈಗುಳ. ಯಾರನ್ನು ತಂಡದಿಂದ ತೆಗೆಯಬೇಕೋ ಅವನನ್ನು ಮಾತ್ರ ಕುರ್ಚಿಯ ಮೇಲೆ ಕೂಡಿಸಿ, ಚಹಾ ಕೊಟ್ಟು, ‘ರೀ’ ಹಚ್ಚಿ, ‘ಛಲೋ ಬಾರಸ್ತೀರಿ’ ಎಂದು ಮೆಲ್ಲಗೆ ಹೇಳುತ್ತಿದ್ದ. ಹೊಗಳಿಕೆ ಕೇಳಿದವನು ಅವತ್ತೇ ಗಂಟು ಕಟ್ಟುತ್ತಿದ್ದ. ಆ ಮನೆಯಲ್ಲಿ ಮೆತ್ತನೆಯ ಮಾತೆಂದರೆ ಬಾಗಿಲು ಹಾಕಿದ ಸದ್ದು. ತನ್ನ ಮನೆಯ ಈ ಮಾತನ್ನು ಮರೆತು ಅವಳು ಊರಿನ ಸಿಟ್ಟನ್ನೆಲ್ಲ ಸೋಸಲು ಹೊರಟಿದ್ದಳು. ಇಷ್ಟು ಹೊತ್ತೂ ಅಣ್ಣ ತಮ್ಮನಿಗೆ, ತಮ್ಮ ಅಣ್ಣನಿಗೆ ‘ನೀ ನಮ್ಮವನಲ್ಲ’ ಎಂದು ಹೇಳುವಂತೆ ಅವಳ ಯಂತ್ರವೇ ಮಾಡುತ್ತಿತ್ತು.

ಅವಳ ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು.

“ಏ ಏ, ಏನ್ ಮಾಡ್ಲಿಕತ್ತಿ? ಮುಟ್ಟಬ್ಯಾಡ!” ಎಂದರು ಇನಾಂದಾರರು. “ಪರೀಕ್ಷಾ ಅರ್ಧಕ್ಕ ಹಾಳಾಗ್ತದ!”

“ಆಗ್ಲಿರಿ ಸರ್,” ಎಂದು ಕಸ್ತೂರಿ ‘ಸಮಾಧಾನ’ವನ್ನು ತಳಕ್ಕಿಳಿಸಿದಳು.

ಹಿಂದೆ ಪರಸಪ್ಪ ಮಾತಿನ ನಡುವೆಯೇ ಇದ್ದ. “...ನಾಳಿಂದ ನಾ ಬ್ಯಾರೆ ಮನಿ ಮಾಡ್ತೀನ್ರಿ,” ಎಂದು ಹೇಳುತ್ತಿದ್ದವನ ದನಿಯ ಮೊದಲರ್ಧ ನುಣುಪು. ಉಳಿದರ್ಧ ಇದ್ದಂತೆಯೇ ದುರ್ಗಪ್ಪನ ಕಿವಿಗೆ ಬಂತು: ಒದ್ದೆ, ಒರಟು, ನಡುವೆ ಬಿರುಕು.

ದುರ್ಗಪ್ಪ ಸೀಟು ಬೆಲ್ಟು ಜಗ್ಗಿ ಹಿಂದಕ್ಕೆ ತಿರುಗಿದ. ಮನೆ ಬಿಟ್ಟ ಮೇಲೆ ಇದೇ ಮೊದಲು. “ಏನಂದಿ?”

“ಬ್ಯಾರೆ ಮನಿ ಮಾಡ್ತೀನಿ ಅಂದೆ!”

“ಅಳಾಕತ್ತೀಯೇನಲೇ?”

“ನಾ ಯಾಕ ಅಳ್ಳಿ! ನೀ ಅಳು!”

“ಮತ್ತ ಇಷ್ಟೊತ್ತು ಸರಕಾರಿ ಸಾಹೇಬನಂಗ ಮಾತಾಡ್ದಿ?”

“ನೀ ಮಾತಾಡ್ದಿ! ‘ನೀವು’ ಅಂದಿ ನನಗ! ನಾ ಏನ್ ಬೀಗ್ರ ಪೈಕಿ ಏನ? ಅಪ್ಪ ಆಗ ಡೋಲು ಬಾರಸೂ ಫಕೀರನ್ನ ತಗದು ಹಾಕಿದಂಗ ತಗದು ಹಾಕಿದಿ ನನ್ನ!”

“ನಾ ಹೊಯ್ಕೊಳ್ಳಾಕತ್ತಿದ್ದೆಲೇ ಮೂಳಾ! ಗಂಟಲಾ ಹರಕೊಂಡು ಹೊಯ್ಕೊಳ್ಳಾಕತ್ತಿದ್ದೆ!”

ಇಬ್ಬರ ಮಾತೂ ಒಮ್ಮೆಗೇ ನಿಂತಿತು. ಬ್ಯಾಂಡಿನವರ ಕಿವಿ. ಎಲ್ಲೋ ಶ್ರುತಿ ತಪ್ಪಿದೆ ಎಂಬುದು ಅವರಿಗೆ ಗೊತ್ತಾಗದೆ ಹೋದೀತೆ? ನಾಲ್ಕು ಕಣ್ಣುಗಳು ನಿಧಾನವಾಗಿ ಚಾಲಕಿಯ ಕಡೆ ಹೊರಳಿದವು.

“ಕಸ್ತೂರೀ,” ಎಂದ ಅಪ್ಪ.

ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ತಲೆದಿಂಬು, ಮೈಕು, ಅಳಿಸುವುದು, ಸೋಸುವುದು. ಹೇಳಿ ಮುಗಿಯುವ ಹೊತ್ತಿಗೆ ಪರಸಪ್ಪ ಮುಂದಕ್ಕೆ ಬಾಗಿ ಎರಡು ಸೀಟುಗಳ ನಡುವೆ ತಲೆ ತೂರಿಸಿದ್ದ.

“ನಮ್ಮಣ್ಣನ ದನಿ ನನ್ನ ಕಿವಿಗೆ ಬರೂದರೊಳಗ ಕದ್ದಿ ನೀ?”

“ಕದ್ದಾಳ ಅಂದ್ರ ಕಡಿಮಿ ಆತು,” ಎಂದ ದುರ್ಗಪ್ಪ. “ನನ್ನ ಬೈಗುಳಾ ನುಂಗಿದ್ಲು! ಅಷ್ಟೂ ಬೈಗುಳಾ ಪೋಲು!”

“ನಮ್ಮ ಜಗಳದಾಗ ಕೈ ಹಾಕಾಕ ನೀ ಯಾರು?”

“ಹಂಗ ಕೇಳು ಪರ್ಶ್ಯಾ!”

“ನಿಲ್ಲಸು ಗಾಡಿ!” ಎಂದರು ಇಬ್ಬರೂ, ಒಂದೇ ಏಟಿಗೆ, ಬಹಳ ದಿನಗಳ ಮೇಲೆ ಒಂದೇ ತಾಳದಲ್ಲಿ.

*

ಕಿತ್ತೂರಿನ ಹತ್ತಿರದ ಒಂದು ಚಹಾದಂಗಡಿಯ ಮುಂದೆ ಕಾರು ನಿಂತಿತು. ಅಣ್ಣತಮ್ಮಂದಿರು ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತು ಕಳೆದುಹೋದ ಜಗಳವನ್ನು ಮೊದಲಿನಿಂದ ಆಡತೊಡಗಿದರು. ನೀ ಏನಂದಿದ್ದಿ, ನಾ ಏನಂದಿದ್ದೆ, ಹೆಂಗ ಅಂದಿದ್ದಿ, ಅನ್ನು ನೋಡೋಣು. ಚಹಾದಂಗಡಿಯವನು ಹೆದರಿ ಕಪ್ಪುಗಳನ್ನು ದೂರದಿಂದಲೇ ಸರಿಸಿದ.

ಕಸ್ತೂರಿ ಕಾರಿನೊಳಗೇ ಕೂತು ಇನಾಂದಾರರೊಂದಿಗೆ ಮಾತಿಗಿಳಿದಳು.

“ಪಡದೆ ಈಗ ಪೂರಾ ಕೆಂಪು,” ಎಂದರು ಅವರು. ಶೆಡ್ಡಿನಲ್ಲಿ ಒಬ್ಬರೇ ಕೂತಿದ್ದರು, ದನಿಯಲ್ಲಿ ಸೋಲಿತ್ತು. “ಎಂಥಾ ಪರೀಕ್ಷಾ ಕೆಡಿಸಿದ್ಯವಾ. ಹಸಿರು ಬಂದಿತ್ತು.”

“ಸರ್, ನಾವು ಸೋಸಿದ ಮಾತು ಕೇಳೀವಿ. ಸೋಸಿ ತಗದದ್ದು ಒಮ್ಮೆನೂ ಕೇಳಿಲ್ಲ. ಅದನ್ನಷ್ಟ ಹಾಕ್ರಿ.”

“ಕಾಳು ಬಿಟ್ಟು ಹೊಟ್ಟು ಏನ್ ಕೇಳ್ತಿ?”

“ಹಾಕ್ರಿ ಸರ್.”

ಕಾರಿನ ಬಾಗಿಲು ಮುಚ್ಚಿದಳು. ಟ್ವೀಟರಿನಿಂದ, ಬಾಗಿಲುಗಳಿಂದ, ಡಿಕ್ಕಿಯ ತಳದಿಂದ, ಯಂತ್ರ ಪಕ್ಕಕ್ಕಿಟ್ಟ ಆ ಹೊಟ್ಟು ಬಂತು. ಅದರಲ್ಲಿ ಪದವಿರಲಿಲ್ಲ. ಬರೀ ಗಂಟಲು ಉಜ್ಜುವ ಸದ್ದು, ಉಸಿರು ಮುಗ್ಗರಿಸುವ ಸದ್ದು, ಬಿರಿದು ಮತ್ತೆ ಕೂಡಿಕೊಳ್ಳುವ ಸದ್ದು. ಮದುಮಗಳನ್ನು ಕಳಿಸಿಕೊಡುವಾಗ ಕಾಕಾನ ಟ್ರಂಪೆಟ್ಟು ಮೇಲಿನ ಸ್ವರದಲ್ಲಿ ನಡುಗುತ್ತದಲ್ಲ, ಆ ನಡುಕ. ಅದರ ಬೆನ್ನಿಗೇ ಅಪ್ಪನದು, ತಗ್ಗಿನಲ್ಲಿ, ಎದೆಗೂಡಿನಿಂದ ಎದ್ದು ಬರುವಂಥದ್ದು.

“ಇದು ಸಿಟ್ಟಲ್ಲ ಕಸ್ತೂರಿ,” ಎಂದರು ಇನಾಂದಾರರು. “ಯಾರೋ ಅಳು ತಡಕೊಳ್ಳಿಕತ್ತಾರ.”

“ಸಿಟ್ಟೂ ಹೌದ್ರಿ ಸರ್. ಎರಡೂ ಒಂದ ಗೂಡಿನ್ಯಾಗ ಇರ್ತಾವ. ಅದೇ ಕರಕರ, ಅದೇ ನಡುಕ. ಒಂದನ್ನ ತಗಿಯಾಕ ಹೋದ್ರ ಇನ್ನೊಂದೂ ಬರ್ತೈತಿ. ಎಂಥಾ ಪ್ರೊಸೆಸರ್ ತಂದ್ರೂ ಬ್ಯಾರೆ ಮಾಡಾಕ ಆಗಂಗಿಲ್ಲ.”

“ಹಂಗಾರ ನಮ್ಮ ಇಷ್ಟು ದಿವಸದ ಕೆಲಸಾ?”

ಕಸ್ತೂರಿ ಆಗಲೇ ಲ್ಯಾಪ್‌ಟಾಪ್ ಬಿಚ್ಚಿದ್ದಳು. ಅವಳ ದನಿಯಲ್ಲಿ ಅಳುಕು ಇರಲಿಲ್ಲ. “ಕೆಲಸಾ ಎಲ್ಲೂ ಹೋಗಿಲ್ರಿ. ಜರಡಿ ಛಲೋ ಐತಿ, ಅದರಾಗ ಏನ್ ಹಾಕಬೇಕು ಅನ್ನೂದು ತಪ್ಪೀವಿ. ಮನಶ್ಯಾನ ದನಿ ಬಿಟ್ಟು ಉಳಿದದ್ದೆಲ್ಲಾ ಸೋಸೂಣು. ಟೈರಿನ ಸದ್ದು, ಗಾಳಿ, ಲಾರಿ ಹಾರನ್ನು, ಇಂಜಿನ್ನು. ದನಿ ಮಾತ್ರ ಇದ್ದಂಗ, ಒಂದ ಎಳಿನೂ ಹರಿಯದಂಗ ಕಿವಿ ಮಟಾ ಒಯ್ದು ಮುಟ್ಟಸೂಣು. ಸಿಟ್ಟು ಇದ್ರ ಸಿಟ್ಟು. ಪೂರಾ ಸಿಟ್ಟು.”

“ಜಗಳಾ ಹೆಚ್ಚಾಗಂಗಿಲ್ಲೇನು?”

“ಅಲ್ನೋಡ್ರಿ,” ಎಂದು ಅವಳು ಫೋನಿನ ಕ್ಯಾಮೆರಾವನ್ನು ಬೇವಿನ ಮರದತ್ತ ತಿರುಗಿಸಿದಳು. ದುರ್ಗಪ್ಪ ಒಂದು ಕೈ ಬೀಸಿ ತಮ್ಮನನ್ನು ಬೈಯುತ್ತಿದ್ದ. ಇನ್ನೊಂದು ಕೈಯಿಂದ ತನ್ನ ಕಪ್ಪಿನ ಅರ್ಧ ಚಹಾವನ್ನು ತಮ್ಮನ ಕಪ್ಪಿಗೆ ಸುರಿಯುತ್ತಿದ್ದ. ಪರಸಪ್ಪ ಅದನ್ನು ಬೈಯುತ್ತಲೇ ಕುಡಿದ.

ಇನಾಂದಾರರು ಕೇಳಿದರು: “ಕಂಪನಿಯವರಿಗೆ ಏನಂತ ಹೇಳ್ಲಿ?”

“ಮೊದಲ ಅವರನ್ನ ಈ ಕಾರಿನ್ಯಾಗ ಕುಂದರಸ್ರಿ. ಗಂಡಾ ಹೆಂಡ್ತಿನ ಕೂಡೇ ಕರೀರಿ.”

ಶಬ್ದದ ಗೆರೆಗಳನ್ನು ಎಳೆದು ಬಿಟ್ಟು ಅವಳು ಹೊಸ ಹದ ಕೂಡಿಸುವ ಹೊತ್ತಿಗೆ ಅಣ್ಣತಮ್ಮಂದಿರು ತಾವಾಗಿಯೇ ಬಂದು ಕಾರಿನಲ್ಲಿ ಕೂತರು. ಈ ಸಲ ಇಬ್ಬರೂ ಹಿಂದೆ. “ಮತ್ತ ಏನರ ಕಿತಾಪತಿ ಮಾಡೀದಿ ಏನ?” ಎಂದು ಪರಸಪ್ಪ ಚಾವಣಿಯ ಮೈಕುಗಳನ್ನು ಅನುಮಾನದಿಂದ ನೋಡಿದ.

“ಮಾಡೀನಿ ಕಾಕಾ. ಹೇಳೇ ಮಾಡೀನಿ. ಈಗ ನಿಮ್ಮ ದನಿ ಬಿಟ್ರ ಬ್ಯಾರೆ ಏನೂ ಕೇಳಂಗಿಲ್ಲ.”

ಕಾರು ಹೆದ್ದಾರಿಗೆ ಏರಿತು. ಟೈರಿನ ಮೊರೆತ ಇಳಿಯಿತು, ಗಾಳಿ ನಿಂತಿತು, ಪಕ್ಕದಲ್ಲಿ ಹೋದ ಲಾರಿ ಬೊಂಬೆಯ ಲಾರಿಯಂತೆ ಸದ್ದಿಲ್ಲದೆ ಸರಿಯಿತು. ಅಂಥ ನಿಶ್ಶಬ್ದ ಆ ಅಣ್ಣತಮ್ಮಂದಿರ ಬಾಳಿನಲ್ಲಿ ಎಂದೂ ಬಂದದ್ದಲ್ಲ. ಗಂಟಲು ಹರಿದುಕೊಳ್ಳುವ ಅಗತ್ಯವೇ ಬೀಳಲಿಲ್ಲ. ಪರಸಪ್ಪ ಕಿಟಕಿಯ ಕಡೆ ಮುಖ ಮಾಡಿ, ತನಗೆ ತಾನೇ ಎಂಬಷ್ಟು ಸಣ್ಣಗೆ ಕೇಳಿದ:

“ಅಣ್ಣಾ, ನಾ ಇಲ್ದ ನವಲಗುಂದದಾಗ ಹೆಂಗ ಊದಿದಿ?”

ಅದರೊಳಗಿನ ಪ್ರತಿಯೊಂದು ಎಳೆಯೂ ದುರ್ಗಪ್ಪನ ಕಿವಿ ಮುಟ್ಟಿತು. ಅವನು ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

“ಹೆಂಗ ಊದ್ಲಿ?” ಎಂದ. ದನಿ ಸಣ್ಣದು, ಆದರೆ ಬೆಂಕಿ ಆರಿರಲಿಲ್ಲ. “ಹಾಡು ಎತ್ತಿಕೊಂಡೆ. ಮ್ಯಾಲ ಒಯ್ಯಾಂವ ಇಲ್ಲ. ತಿರುಗಿ ನೋಡೇನಿ, ಅಲ್ಲಿ ನಿನ್ನ ಜಾಗಾದಾಗ ಒಂದು ಎಮ್ಮಿ ನಿಂತಿತ್ತು. ಮೆರವಣಗಿ ನೋಡಾಕ ಬಂದ ಎಮ್ಮಿ.”

“ನನಗಿಂತ ಛಲೋ ಇದ್ದೀತು.”

“ನಿನಗಿಂತ ಮಾತು ಕೇಳ್ತಿತ್ತು, ಖೋಡೀ! ಇನ್ನ ಮ್ಯಾಲ ನೀ ಒಬ್ನ ವೀಳ್ಯಾ ಹಿಡದ್ರ ಕೈ ಮುರೀತೀನಿ.”

“ನೀ ಒಬ್ನ ಹಿಡದ್ರ?”

“ನನ್ನ ಕೈ ನೀ ಮುರಿ.”

“ಹಂಗಾರ ವೀಳ್ಯಾ ಹಿಡಿಯಾವ್ರು ಯಾರು? ಇಬ್ರೂ ಕೂಡಿ ಕೈ ಚಾಚೂದೇನ, ಭಿಕ್ಷಾ ಬೇಡೂರಂಗ?”

“ಚಾಚೂದು! ಇಬ್ರೂ ಕೂಡಿ! ಒಂದ ಎಲಿ, ಎರಡ ಕೈ! ಏನ್ ಮಾಡ್ತಿ?”

ಇದನ್ನು ಕಸ್ತೂರಿ ತೀರ್ಮಾನವೆಂದುಕೊಂಡಳು. ಆದರೆ ಅವರಿಗೆ ಅದು ಹೊಸ ಜಗಳದ ಪೀಠಿಕೆಯಾಗಿತ್ತು. ಯಾರ ಬಲಗೈ ಮೇಲೆ, ಯಾರ ಎಡಗೈ ಕೆಳಗೆ, ಮುಂದಿನ ವಾರ ಕಲಘಟಗಿಯ ಮದುವೆಯಲ್ಲಿ ಮೊದಲು ಯಾವ ಹಾಡು. ಬೆಳಗಾವಿ ಬರುವ ಹೊತ್ತಿಗೆ ಯಂತ್ರದ ನಿಶ್ಶಬ್ದವೂ ಸಾಲದೆ ಇಬ್ಬರ ದನಿಯೂ ತಮ್ಮ ಹಳೆಯ ಎತ್ತರಕ್ಕೆ ಏರಿತ್ತು. ಕಸ್ತೂರಿ ವಡಗಾವಿಯ ಓಣಿಗೆ ಕಾರು ತಿರುಗಿಸಿ, ನಾಲ್ಕೂ ಕಿಟಕಿಗಳ ಗಾಜು ಇಳಿಸಿದಳು.

ಗುರವ್ವನ ಮನೆಯ ಕಟ್ಟೆಯ ಮೇಲೆ ಜಮಖಾನೆ ಹಾಸಿತ್ತು. ಪಾಲಿನ ಪಂಚಾಯಿತಿಗೆಂದು ಬಂದ ನಾಲ್ಕು ಮಂದಿ ಹಿರಿಯರು ಗಂಟುಮುಖ ಹಾಕಿಕೊಂಡು ಕೂತಿದ್ದರು. ಗುರವ್ವ ಬಾಗಿಲ ಚೌಕಟ್ಟಿಗೆ ಒರಗಿ, ಸೆರಗಿನ ತುದಿ ಕಚ್ಚಿ ನಿಂತಿದ್ದಳು. ಬೆಳಗಿನಿಂದ ಒಲೆ ಹೊತ್ತಿಸಿರಲಿಲ್ಲ.

ಓಣಿಯ ತಿರುವಿನಲ್ಲೇ ಅವಳಿಗೆ ದನಿ ಕೇಳಿಸಿತು. ಮೊದಲು ದೊಡ್ಡವನದು. ಅದರ ಮೇಲೆ ಹತ್ತಿಕೊಂಡು ಸಣ್ಣವನದು. ಮತ್ತೆ ದೊಡ್ಡವನದು. ‘ಖೋಡಿ’ ಎಂಬುದು ಎರಡು ಸಲ, ‘ಎಮ್ಮಿ’ ಎಂಬುದು ಮೂರು ಸಲ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇದು ಪಾಲಲ್ಲ, ಪೊಲೀಸ್ ಕೇಸೇ ಆಗುವ ಹಾಗಿದೆ ಎಂಬಂತೆ ಎದ್ದು ನಿಂತರು. ಗುರವ್ವ ಮಾತ್ರ ಸೆರಗನ್ನು ಹಲ್ಲಿನಿಂದ ಬಿಟ್ಟಳು, ತಲೆ ಓರೆ ಮಾಡಿ ಇನ್ನೊಂದು ಗಳಿಗೆ ಕೇಳಿದಳು, ಆಮೇಲೆ ಒಳಗೆ ತಿರುಗಿ ಸೊಸೆಗೆ ಕೂಗಿದಳು:

“ಒಲಿ ಹಚ್ಚವಾ! ಹಿರೇರೂ ಉಂಡ ಹೋಗ್ಲಿ. ಇವರೇನು ಪಾಲಾಗಾಕ ಬಂದಿಲ್ಲ, ಊಟಕ್ಕ ಬಂದಾರ.”